ದೇಶ ಹುಟ್ಟಿದ ಕಥೆಗೆ ಯಾವ ಪುಸ್ತಕ? ಮಲೆನಾಡಿನ ಓದುಗರಿಗೊಂದು ಹೋಲಿಕೆ

ಇತಿಹಾಸದ ಪುಸ್ತಕ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಕೊನೆಯ ಪುಟಗಳನ್ನು. ಪದಸೂಚಿಯಲ್ಲಿ ‘ಮೈಸೂರು’ ಇದೆಯೇ, ಅದರ ಮುಂದೆ ಎಷ್ಟು ಪುಟಸಂಖ್ಯೆಗಳಿವೆ ಎಂದು ನೋಡುತ್ತೇನೆ. ಆಮೇಲೆ ‘ಸಂಸ್ಥಾನಗಳು’. ಮುನ್ನುಡಿಗೆ ಬರುವುದು ಅದಾದ ಮೇಲೆ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಸಮಾಜ ವಿಜ್ಞಾನ ಹೇಳಿಕೊಟ್ಟಾಗ ಬಂದ ಅಭ್ಯಾಸ ಇದು. ಸ್ವಾತಂತ್ರ್ಯ ಹೋರಾಟದ ಪಾಠ ಮುಗಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಮೇಡಂ, ನಮ್ಮೂರಲ್ಲಿ ಬ್ರಿಟಿಷರು ಇದ್ರಾ?’ ಎಂದು ಕೇಳಿದ್ದಳು. ಇದ್ದರು ಎಂದರೂ ತಪ್ಪು, ಇರಲಿಲ್ಲ ಎಂದರೂ ತಪ್ಪು. ಆ ಪ್ರಶ್ನೆಗೆ ಉತ್ತರ ಕೊಡುವ ಪುಸ್ತಕ ಯಾವುದು ಎಂದು ಅವತ್ತಿನಿಂದ ಹುಡುಕುತ್ತ ಬಂದಿದ್ದೇನೆ.

ನಮ್ಮ ಕಡೆಯ ನಕಾಶೆ ನೋಡಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಶಿಕಾರಿಪುರ ಎಲ್ಲವೂ ಮೈಸೂರು ಸಂಸ್ಥಾನ. ಆಗುಂಬೆ ಘಾಟಿ ಇಳಿದು ಸೋಮೇಶ್ವರಕ್ಕೆ ಕಾಲಿಟ್ಟರೆ ಮದರಾಸು ಪ್ರಾಂತ್ಯ. ಸಾಗರದಿಂದ ತಾಳಗುಪ್ಪ ದಾಟಿ ಸಿದ್ದಾಪುರದ ಕಡೆ ಹೋದರೆ ಮುಂಬಯಿ ಪ್ರಾಂತ್ಯ. ಒಂದೇ ಅಡಿಕೆ, ಒಂದೇ ಮಳೆ, ಮಾತೂ ಹೆಚ್ಚುಕಮ್ಮಿ ಒಂದೇ. ಸರ್ಕಾರ ಮಾತ್ರ ಮೂರು. ಸಿದ್ದಾಪುರದ ರೈತರು 1930ರ ದಶಕದ ಆರಂಭದಲ್ಲಿ ಕರ ಕೊಡುವುದಿಲ್ಲ ಎಂದು ಬ್ರಿಟಿಷ್ ಸರ್ಕಾರಕ್ಕೆ ಎದುರು ನಿಂತು ಜಮೀನು ಕಳೆದುಕೊಂಡರು. ಗಡಿಯ ಈಚೆ ನಮ್ಮವರು ಕಂದಾಯ ಕಟ್ಟುತ್ತಿದ್ದದ್ದು ಮಹಾರಾಜರ ಸರ್ಕಾರಕ್ಕೆ. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಬಾವುಟ ಏರಿದಾಗ ಮೈಸೂರಿನಲ್ಲಿ ಇನ್ನೂ ದಿವಾನರ ಆಡಳಿತವೇ ಇತ್ತು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಜನ ಜೈಲು ತುಂಬಿ, ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಬಂದ ಮೇಲೆ ಇಲ್ಲಿ ಜವಾಬ್ದಾರಿ ಸರ್ಕಾರ, ಅಂದರೆ ಜನರಿಗೆ ಉತ್ತರ ಕೊಡಬೇಕಾದ ಸರ್ಕಾರ. ಹಾಗಾಗಿ ನಮ್ಮ ಜಿಲ್ಲೆಯವರು ಓದುವ ದೊಡ್ಡ ಪುಸ್ತಕಗಳಲ್ಲಿ ನಮ್ಮೂರು ಯಾವಾಗಲೂ ಸ್ವಲ್ಪ ಪಕ್ಕಕ್ಕೇ ಉಳಿದಿರುತ್ತದೆ.

ಹೋದ ಮಳೆಗಾಲದಲ್ಲಿ ತಂಗಿಯ ಮಗ ಶಿವಮೊಗ್ಗದ ಹಾಸ್ಟೆಲಿನಿಂದ ಫೋನ್ ಮಾಡಿ, ‘ದೊಡ್ಡಮ್ಮಾ, ದೇಶ ಹೆಂಗೆ ಕಟ್ಟಿದ್ರು ಅಂತ ತಿಳ್ಕೋಬೇಕು. ಒಂದೇ ಒಂದು ಪುಸ್ತಕ ಹೇಳು’ ಎಂದ. ಒಂದೇ ಒಂದು ಹೇಳಲು ನನ್ನಿಂದ ಆಗಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆ ಯಾವುದು ಎಂದು ತೀರ್ಮಾನಿಸಿ

ದೇಶ ಹುಟ್ಟಿದ್ದು ಎಂದರೆ ಏನು? ಜನ ಬ್ರಿಟಿಷರ ವಿರುದ್ಧ ಎದ್ದು ನಿಂತ ಕಥೆಯೇ? ಕುರ್ಚಿ ಕೈ ಬದಲಾದದ್ದು, ಸಂಸ್ಥಾನಗಳು ಸೇರಿಕೊಂಡದ್ದೇ? ಹೊಸ ಮನೆಯ ಕಟ್ಟಳೆಗಳನ್ನು ಕೂತು ಬರೆದದ್ದೇ? ಅಥವಾ ಆ ಕಟ್ಟಳೆ ಉಳುವವನ ಗದ್ದೆಗೆ ಬಂದು ಮುಟ್ಟಿದ್ದೇ? ಈ ನಾಲ್ಕಕ್ಕೂ ಬೇರೆ ಬೇರೆ ಪುಸ್ತಕಗಳಿವೆ. ಒಂದರ ಉತ್ತರ ಇನ್ನೊಂದರಲ್ಲಿ ಸಿಗುವುದಿಲ್ಲ. ಇಷ್ಟು ಯೋಚಿಸದೆ ದಪ್ಪ ಪುಸ್ತಕ ತಂದವರು ಎಂಬತ್ತನೇ ಪುಟದ ಹತ್ತಿರ ಗುರುತಿನ ಚೀಟಿ ಇಟ್ಟು ನಿಲ್ಲಿಸಿದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ಹೋರಾಟದ ಕಥೆ: ಎರಡು ದೊಡ್ಡ ಪುಸ್ತಕಗಳು

ಇಡೀ ದೇಶದ ಹೋರಾಟವನ್ನು ಒಂದೇ ಸಂಪುಟದಲ್ಲಿ ಹೇಳುವ ಪುಸ್ತಕಗಳಲ್ಲಿ ಹೆಚ್ಚು ಓದಿಸಿಕೊಂಡಿರುವುದು ಎರಡು. ಬಿಪನ್ ಚಂದ್ರ ಮತ್ತು ಸಂಗಡಿಗರು ಬರೆದ ‘ಇಂಡಿಯಾಸ್ ಸ್ಟ್ರಗಲ್ ಫಾರ್ ಇಂಡಿಪೆಂಡೆನ್ಸ್’ ಒಂದು, ಸುಮಿತ್ ಸರ್ಕಾರ್ ಅವರು 1983ರಲ್ಲಿ ತಂದ ‘ಮಾಡರ್ನ್ ಇಂಡಿಯಾ’ ಇನ್ನೊಂದು.

ಬಿಪನ್ ಚಂದ್ರರ ಪುಸ್ತಕ ನೇರ ರಸ್ತೆ. 1857ರಿಂದ 1947ರವರೆಗೆ ಅಧ್ಯಾಯಗಳು ಒಂದರ ಹಿಂದೊಂದು ಬರುತ್ತವೆ, ಭಾಷೆಯೂ ಸಲೀಸು. ರಾಷ್ಟ್ರೀಯ ಚಳವಳಿ ಒಂದೇ ದೊಡ್ಡ ಹೊಳೆ, ಅದರ ಮುಖ್ಯ ಪಾತ್ರ ಕಾಂಗ್ರೆಸ್ ಎಂಬುದು ಅದರ ನಿಲುವು. ಕೆಎಎಸ್, ಐಎಎಸ್ ಪರೀಕ್ಷೆಗೆ ಕೂತವರು ಇದನ್ನೇ ಹಿಡಿಯುತ್ತಾರೆ, ಹಿಡಿಯಲಿ. ಸಂಸ್ಥಾನಗಳ ಹೋರಾಟಕ್ಕೂ ಒಂದು ಅಧ್ಯಾಯ ಕೊಟ್ಟಿದ್ದಾರೆ. ಆದರೆ ಅಲ್ಲಿ ಹತ್ತಿರದಿಂದ ನೋಡಿರುವುದು ರಾಜಕೋಟ ಮತ್ತು ಹೈದರಾಬಾದನ್ನು. ಶಿವಮೊಗ್ಗದವರು ಆ ಅಧ್ಯಾಯವನ್ನು ಓದಿ, ಅದರ ಪಕ್ಕದಲ್ಲಿ ಮೈಸೂರಿನ ಕಥೆಯನ್ನು ತಾವೇ ಬರೆದುಕೊಳ್ಳಬೇಕು.

ಸರ್ಕಾರ್ ಅವರ ಪುಸ್ತಕ ಕಾಡುದಾರಿ. ರೈತರು, ಕಾರ್ಮಿಕರು, ಬುಡಕಟ್ಟಿನವರು ಎದ್ದದ್ದನ್ನು ಅವರು ಬಿಡದೆ ಹೇಳುತ್ತಾರೆ. ನಾಯಕರು ಎಲ್ಲಿ ಜನರ ಮುಂದೆ ನಡೆದರು, ಎಲ್ಲಿ ಜನರನ್ನು ಹಿಂದಕ್ಕೆ ಎಳೆದರು ಎಂದು ಕೇಳುತ್ತಾರೆ. ಪ್ರತಿ ಪ್ಯಾರಾದಲ್ಲೂ ಹೆಸರು, ಊರು, ವರ್ಷ ಒತ್ತಾಗಿ ತುಂಬಿರುವುದರಿಂದ ಹೊಸಬರಿಗೆ ಉಸಿರು ಕಟ್ಟುತ್ತದೆ. ಹಾಗಿದ್ದರೂ ಎರಡರಲ್ಲಿ ನನಗೆ ಹೆಚ್ಚು ಬೇಕಾದದ್ದು ಇದೇ. ಹಳ್ಳಿಯವರಿಗೆ ತಮ್ಮದೇ ಆದ ಕಾರಣಗಳಿದ್ದವು ಎಂಬುದನ್ನು ಅದು ಮರೆಯುವುದಿಲ್ಲ. ಮೊದಲು ಬಿಪನ್ ಚಂದ್ರರನ್ನು ಓದಿ, ಒಂದು ವರ್ಷ ಬಿಟ್ಟು ಸರ್ಕಾರ್ ಅವರಿಗೆ ಬನ್ನಿ. ಒಟ್ಟಿಗೆ ಓದಿದರೆ ಎರಡೂ ಕಲಸಿಹೋಗುತ್ತವೆ.

ಅಲ್ಲೇ ಇದ್ದವರು ಬರೆದದ್ದು

ಮೌಲಾನಾ ಆಜಾದರ ‘ಇಂಡಿಯಾ ವಿನ್ಸ್ ಫ್ರೀಡಂ’ 1959ರಲ್ಲಿ, ಅವರು ತೀರಿಕೊಂಡ ಮರುವರ್ಷ ಹೊರಬಂತು. ಅದರಲ್ಲಿ ಸುಮಾರು 30 ಪುಟಗಳು ಇರಲಿಲ್ಲ. ಅವನ್ನು ಮೊಹರು ಮಾಡಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದಲ್ಲೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಇಡಲಾಗಿತ್ತು. ತೆರೆದದ್ದು 1988ರಲ್ಲಿ. ನೆನಪಿನ ಬರಹ ಎಂದರೇನು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಒಬ್ಬ ಹಿರಿಯ ತನ್ನ ಜೊತೆಗಾರರ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿ, ಅವರಲ್ಲಿ ಕೆಲವರು ಬದುಕಿರುವಾಗ ಇದು ಬೇಡ ಎಂದು ಪಕ್ಕಕ್ಕೆ ತೆಗೆದಿಟ್ಟದ್ದು. ವಿಭಜನೆಯನ್ನು ತಪ್ಪಿಸಬಹುದಿತ್ತು ಎಂಬ ನೋವು ಆ ಪುಸ್ತಕದ ಉದ್ದಕ್ಕೂ ಇದೆ. ನೋವಿನಲ್ಲಿ ಹೇಳಿದ್ದು ಸುಳ್ಳಾಗಬೇಕಿಲ್ಲ, ಆದರೆ ಅದು ಒಬ್ಬರ ಸಾಕ್ಷ್ಯ ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು. ಕೊಳ್ಳುವಾಗ 1988ರ ನಂತರದ ಪೂರ್ಣ ಆವೃತ್ತಿಯನ್ನೇ ಕೇಳಿ. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಗುವುದರಲ್ಲಿ ಆ ಪುಟಗಳು ಇಲ್ಲದಿರಬಹುದು.

ಇದರ ಪಕ್ಕದಲ್ಲಿ ವಿ.ಪಿ. ಮೆನನ್ ಅವರನ್ನು ಇಟ್ಟು ನೋಡಿ. ಸರ್ದಾರ್ ಪಟೇಲರ ಕೈಕೆಳಗೆ ಸಂಸ್ಥಾನಗಳ ಇಲಾಖೆಯ ಕಾರ್ಯದರ್ಶಿಯಾಗಿದ್ದ ಅವರು 1956ರಲ್ಲಿ ಸಂಸ್ಥಾನಗಳ ವಿಲೀನದ ಕಥೆಯನ್ನೂ 1957ರಲ್ಲಿ ಅಧಿಕಾರ ಹಸ್ತಾಂತರದ ಕಥೆಯನ್ನೂ ಬರೆದರು. ಆಜಾದರ ಪುಸ್ತಕದಲ್ಲಿ ಮನುಷ್ಯರು ಸಿಟ್ಟು ಮಾಡಿಕೊಳ್ಳುತ್ತಾರೆ, ಬೇಸರಪಡುತ್ತಾರೆ. ಮೆನನ್ ಅವರದರಲ್ಲಿ ಕಡತಗಳು ಓಡಾಡುತ್ತವೆ, ರಾಜರು ಸಹಿ ಹಾಕುತ್ತಾರೆ. ಐದುನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಒಂದೊಂದಾಗಿ ಹೇಗೆ ಸೇರಿಸಿಕೊಂಡರು ಎಂದು ಆ ಕೆಲಸ ಮಾಡಿದವರೇ ಹೇಳುತ್ತಿದ್ದಾರೆ. ನಮ್ಮ ಓದುಗರಿಗೆ ಮೊದಲನೆಯದು ಬಹಳ ಮುಖ್ಯ, ಏಕೆಂದರೆ ಅದರಲ್ಲಿ ಮೈಸೂರಿಗೇ ಒಂದು ಅಧ್ಯಾಯವಿದೆ. ಹೈದರಾಬಾದಿಗೆ ಮೂರು ಅಧ್ಯಾಯ, ನಮಗೆ ಚಿಕ್ಕದೊಂದು. ಮೈಸೂರಿನ ಸೇರ್ಪಡೆ ದೆಹಲಿಗೆ ದೊಡ್ಡ ತಲೆನೋವಾಗಲಿಲ್ಲ ಎಂಬುದು ಆ ಅಳತೆಯಿಂದಲೇ ಗೊತ್ತಾಗುತ್ತದೆ. ಜಯಚಾಮರಾಜ ಒಡೆಯರು ಆಗಸ್ಟ್ 15ಕ್ಕೆ ಮೊದಲೇ ಸೇರ್ಪಡೆಯ ಪತ್ರಕ್ಕೆ ಸಹಿ ಹಾಕಿದ್ದರು. ದೆಹಲಿಗೆ ತಲೆನೋವಿಲ್ಲ ಎಂದರೆ ಇಲ್ಲಿನವರಿಗೂ ಇರಲಿಲ್ಲ ಎಂದು ಅರ್ಥವಲ್ಲ. ಅಧಿಕಾರಿ ಬರೆದ ಇತಿಹಾಸದಲ್ಲಿ ಬೀದಿಯಲ್ಲಿ ಲಾಠಿ ತಿಂದವರ ದನಿ ಸಣ್ಣದಾಗುತ್ತದೆ.

1975ರಲ್ಲಿ ಬಂದ ‘ಫ್ರೀಡಂ ಅಟ್ ಮಿಡ್‌ನೈಟ್’ ಬಗ್ಗೆಯೂ ಜನ ಕೇಳುತ್ತಾರೆ. ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ, ನಾನೂ ಎರಡು ರಾತ್ರಿಯಲ್ಲಿ ಮುಗಿಸಿದ್ದೆ. ಲೇಖಕರಿಬ್ಬರು ಮೌಂಟ್‌ಬ್ಯಾಟನ್ ಅವರನ್ನು ದೀರ್ಘವಾಗಿ ಸಂದರ್ಶಿಸಿ ಬರೆದದ್ದು, ಅವರ ಕಣ್ಣಿನಿಂದಲೇ ಎಲ್ಲವೂ ಕಾಣುತ್ತದೆ. ಓದುವ ರುಚಿ ಹತ್ತಲು ಒಳ್ಳೆಯದು. ಇದೊಂದನ್ನೇ ಓದಿ ವಾದಕ್ಕೆ ಇಳಿಯಬೇಡಿ.

ವಿಭಜನೆಯಲ್ಲಿ ಮನೆ ಕಳೆದುಕೊಂಡವರ, ಅದರಲ್ಲೂ ಹೆಂಗಸರ ಮಾತು ಬೇಕೆಂದರೆ ಊರ್ವಶಿ ಬುಟಾಲಿಯಾ ಅವರು 1998ರಲ್ಲಿ ಪ್ರಕಟಿಸಿದ ‘ದಿ ಅದರ್ ಸೈಡ್ ಆಫ್ ಸೈಲೆನ್ಸ್’ ಇದೆ. ಬದುಕುಳಿದವರ ಎದುರು ಕೂತು ಕೇಳಿಸಿಕೊಂಡು ಬರೆದ ಪುಸ್ತಕ. ನಮ್ಮ ಬೆಟ್ಟಗಳಿಗೆ ಆ ಬೆಂಕಿಯ ಬಿಸಿ ಅಷ್ಟಾಗಿ ತಾಗಲಿಲ್ಲ. ಆ ಕಾರಣಕ್ಕೇ ನಾವು ಇದನ್ನು ಓದಬೇಕು.

ಕಟ್ಟಳೆ ಬರೆದದ್ದು: ವಿದ್ವಾಂಸರ ಪುಸ್ತಕವೋ, ಸಭೆಯ ನಡಾವಳಿಯೋ

ನನ್ನ ಮನಸ್ಸು ಹೆಚ್ಚು ಇರುವುದು ಇಲ್ಲಿ.

ಸಂವಿಧಾನ ರಚನಾ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಸುಮಾರು ಮೂರು ವರ್ಷದ ಈ ಕೆಲಸವನ್ನು ತಿಳಿಯಲು ಎರಡು ದಾರಿ. ಗ್ರಾನ್‌ವಿಲ್ ಆಸ್ಟಿನ್ ಎಂಬ ಅಮೆರಿಕನ್ ವಿದ್ವಾಂಸರು 1966ರಲ್ಲಿ ಬರೆದ ಪುಸ್ತಕ ಒಂದು ದಾರಿ. ಸಭೆಯಲ್ಲಿ ಆಡಿದ ಮಾತುಗಳನ್ನೇ ಅಚ್ಚು ಮಾಡಿದ 12 ಸಂಪುಟಗಳ ನಡಾವಳಿ ಇನ್ನೊಂದು. ನಡಾವಳಿ ಸಂಸತ್ತಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ.

ಆಸ್ಟಿನ್ ಅವರ ಪುಸ್ತಕದ ಬಲವೆಂದರೆ ಬಾಗಿಲ ಹಿಂದಿನದನ್ನು ತೋರಿಸುವುದು. ಸಭೆಗೆ ಬರುವ ಮೊದಲೇ ಕಾಂಗ್ರೆಸ್ ಸದಸ್ಯರು ತಮ್ಮೊಳಗೆ ಕೂತು ವಿಷಯಗಳನ್ನು ಕಾದಾಡಿ ಮುಗಿಸುತ್ತಿದ್ದರು. ನೆಹರು, ಪಟೇಲ್, ರಾಜೇಂದ್ರ ಪ್ರಸಾದ್, ಆಜಾದ್ ಈ ನಾಲ್ವರ ಮಾತಿಗೆ ಎಲ್ಲಕ್ಕಿಂತ ತೂಕವಿತ್ತು. ನಡಾವಳಿಯನ್ನಷ್ಟೇ ಓದಿದರೆ ಇದು ಕಾಣುವುದಿಲ್ಲ. ಆದರೆ ಆಸ್ಟಿನ್ ಅವರದು ಒಬ್ಬರು ಅರಗಿಸಿಕೊಂಡು ಕೊಟ್ಟ ಊಟ. ಸಾರು ಒಲೆಯ ಮೇಲೆ ಕುದಿಯುವ ಸದ್ದು ಕೇಳಬೇಕೆಂದರೆ ನಡಾವಳಿಗೇ ಹೋಗಬೇಕು.

ಒಂದು ದಿನವನ್ನು ತೆಗೆದುಕೊಳ್ಳಿ: 1949ರ ಅಕ್ಟೋಬರ್ 17. ಸಂವಿಧಾನದ ಪ್ರಸ್ತಾವನೆಯ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಎದ್ದು ಪ್ರಸ್ತಾವನೆ ‘ದೇವರ ಹೆಸರಿನಲ್ಲಿ’ ಎಂದು ಶುರುವಾಗಲಿ ಎಂದು ತಿದ್ದುಪಡಿ ತರುತ್ತಾರೆ. ದೇವರ ಹೆಸರು ಸೇರಿಸಿದರೆ ನಂಬಿಕೆಯನ್ನು ಬಲವಂತ ಮಾಡಿದಂತಾಗುತ್ತದೆ ಎಂದು ತಾಣು ಪಿಳ್ಳೆಯವರ ವಿರೋಧ. ಸಂವಿಧಾನದ ಆಶಯಕ್ಕೇ ಇದು ಹೊಂದುವುದಿಲ್ಲ ಎಂದು ಕುಂಜ್ರೂ. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದು, ಶಕ್ತಿಯನ್ನು ಪೂಜಿಸುವ ನಾವು ದೇವಿಯನ್ನು ಬಿಟ್ಟು ದೇವರನ್ನು ಮಾತ್ರ ಹೇಗೆ ಕರೆಯೋಣ ಎನ್ನುತ್ತಾರೆ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಮಾಡುವ ನಮ್ಮ ಸಾಗರದವರಿಗೆ ಆ ಮಾತು ನೇರ ಮನಸ್ಸಿಗೆ ತಾಗುತ್ತದೆ. ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ತಳ್ಳಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಳ್ಳುತ್ತಾರೆ. ಕಾಮತರು ಬಿಡುವುದಿಲ್ಲ. ಮತಕ್ಕೆ ಹಾಕುತ್ತಾರೆ: ಪರ 41, ವಿರುದ್ಧ 68. ಇದು ಕರಾಳ ದಿನ ಎಂದು ಕಾಮತರು ನೊಂದು ನುಡಿದದ್ದೂ ನಡಾವಳಿಯಲ್ಲಿದೆ.

ಎಂಟು ಹತ್ತು ಪುಟ ಅಷ್ಟೇ. ಸೋತವರ ಮಾತನ್ನೂ ಅಕ್ಷರ ಬಿಡದೆ ಬರೆದಿಟ್ಟಿದ್ದಾರೆ. ಆ ಪುಟಗಳನ್ನು ಹತ್ತನೇ ತರಗತಿಯ ಮಕ್ಕಳಿಗೆ ಕನ್ನಡದಲ್ಲಿ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು ಮಾತಾಡಿಸಿದ್ದೆ. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ಅಂದಿನಿಂದ ಯಾರು ಕೇಳಿದರೂ ಸಂವಿಧಾನಕ್ಕೆ ನಡಾವಳಿಯಿಂದಲೇ ಶುರು ಮಾಡಿ ಎನ್ನುತ್ತೇನೆ. ಹನ್ನೆರಡು ಸಂಪುಟ ಎಂದು ಹೆದರಬೇಡಿ, ಒಂದು ದಿನದ ಚರ್ಚೆ ಸಾಕು.

ನಮ್ಮವರ ದನಿಯೂ ಅಲ್ಲಿದೆ. ಮೈಸೂರಿನಿಂದ ಹೋದವರಲ್ಲಿ ಎಸ್.ವಿ. ಕೃಷ್ಣಮೂರ್ತಿ ರಾವ್ ಒಬ್ಬರು. ಮುಂದೆ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿಬಂದು ಅಲ್ಲಿ ಉಪಸಭಾಧ್ಯಕ್ಷರಾದವರು. ಕೆ. ಹನುಮಂತಯ್ಯ ಇನ್ನೊಬ್ಬರು. ನಮಗೆ ವೀಣೆಯ, ಸಿತಾರಿನ ನಾದ ಬೇಕಿತ್ತು, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡು ಎಂದು ಕರಡನ್ನು ಸಭೆಯಲ್ಲೇ ಟೀಕಿಸಿದವರು ಅವರು. ಮುಂದೆ ಅದೇ ಸಂವಿಧಾನದಡಿ ಮೈಸೂರಿನ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದರು. ಇನ್ನೊಂದು ಸಂಗತಿಯನ್ನೂ ಸೇರಿಸಿಕೊಳ್ಳಿ: ಮೈಸೂರಿಗೆ ತನ್ನದೇ ಸಂವಿಧಾನ ಸಭೆಯಿತ್ತು. ಪ್ರತ್ಯೇಕ ಸಂವಿಧಾನ ಬೇಡ, ಭಾರತದ್ದೇ ನಮ್ಮದು ಎಂದು ಅದು ತೀರ್ಮಾನಿಸಿ, 1949ರ ನವೆಂಬರ್ 25ರಂದು ಮಹಾರಾಜರ ಘೋಷಣೆ ಹೊರಟಿತು. ನಮ್ಮ ಪಾಲಿಗೆ ಗಣರಾಜ್ಯದ ಬಾಗಿಲು ತೆರೆದದ್ದು ಹಾಗೆ.

ಅದೇ ನವೆಂಬರ್ 25ರಂದು ದೆಹಲಿಯಲ್ಲಿ ಅಂಬೇಡ್ಕರ್ ಸಭೆಯ ಮುಂದೆ ತಮ್ಮ ಕೊನೆಯ ದೊಡ್ಡ ಭಾಷಣ ಮಾಡಿದರು. ಆ ಭಾಷಣವನ್ನು ನಮ್ಮ ಜಿಲ್ಲೆಯ ಈಸೂರು, ಕಾಗೋಡು ಹೋರಾಟಗಳ ಕಥೆಯ ಜೊತೆಗೇ ಓದಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮೂರಿನ ಪುಸ್ತಕಗಳು

1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಕರ್ನಾಟಕದ ಸ್ವಾತಂತ್ರ್ಯ ಚಳವಳಿಯ ಇತಿಹಾಸವನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಾಗಿ ತಂದಿತು. ಆಮೇಲೆ ಬಂದದ್ದು ಜಿಲ್ಲೆಯ ವಿವರಗಳನ್ನೆಲ್ಲ ಕೂಡಿಸಿದ ಜಿಲ್ಲಾ ಗೆಜೆಟಿಯರ್. ಹೋರಾಟಗಾರರ ನೆನಪುಗಳನ್ನು ಕೂಡಿಸಿದ ಕನ್ನಡದ ಪುಸ್ತಕಗಳೂ ಇವೆ. ಮೊದಲೆರಡು ಸರ್ಕಾರಿ ಹೊಣೆಯಲ್ಲಿ ಬರೆದವು. ದಿನಾಂಕ, ಹೆಸರು, ಅಂಕಿ ಬೇಕೆಂದರೆ ಅವೇ ಆಧಾರ. ಸಿಟ್ಟು, ಭಯ, ಹಸಿವು ಬೇಕೆಂದರೆ ನೆನಪಿನ ಪುಸ್ತಕಗಳು. ನೆನಪಿನವುಗಳಲ್ಲಿ ದಿನಾಂಕ ಆಚೀಚೆ ಆಗಿರುತ್ತದೆ, ಅದಕ್ಕೆ ಗೆಜೆಟಿಯರ್ ಪಕ್ಕದಲ್ಲಿರಲಿ.

ಈ ಪುಸ್ತಕಗಳ ಯೋಗ್ಯತೆಯನ್ನು ಅಳೆಯಲು ನಾನು ಈಸೂರಿನ ಪುಟ ತೆರೆಯುತ್ತೇನೆ. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ 1942ರ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡಿತು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು. ಊರಿನ ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಇವತ್ತಿಗೂ ನಮ್ಮ ಜಿಲ್ಲೆಯ ಮಕ್ಕಳ ಬಾಯಲ್ಲಿದೆ. ಸರ್ಕಾರದ ಅಮಲ್ದಾರರೂ ಪೊಲೀಸರೂ ಬಂದಾಗ ಜಗಳ ಹತ್ತಿ, ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತರು. ಆಮೇಲೆ ಊರಿಗೆ ಊರೇ ಕಾಡು ಸೇರಿತು, ಮನೆಗಳು ಲೂಟಿಯಾದವು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೇರಿಸಿದರು.

ಗಲ್ಲಿಗೇರಿಸಿದ್ದು ಮೈಸೂರು ಸರ್ಕಾರ. ಇದನ್ನು ಪುಸ್ತಕ ಹೇಗೆ ಹೇಳುತ್ತದೆ ನೋಡಿ. ‘ಬ್ರಿಟಿಷರು ಗಲ್ಲಿಗೇರಿಸಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಆ ಪುಸ್ತಕವನ್ನು ಎಚ್ಚರದಿಂದ ಓದಿ. ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡಿಗರೇ ಎಂಬುದನ್ನು ಮುಚ್ಚಿಟ್ಟರೆ ಇನ್ನೂ ಎಚ್ಚರ. ‘ನಮ್ಮೂರಲ್ಲಿ ಬ್ರಿಟಿಷರು ಇದ್ರಾ’ ಎಂದು ಕೇಳಿದ ಹುಡುಗಿಗೆ ನನ್ನ ಉತ್ತರ ಕೊನೆಗೂ ಸಿಕ್ಕಿದ್ದು ಈಸೂರಿನಲ್ಲಿ. ಸಂಸ್ಥಾನದ ಸರ್ಕಾರ ನಮ್ಮದೇ, ಅದರ ಬೆನ್ನ ಹಿಂದೆ ನಿಂತಿದ್ದ ದೊಡ್ಡ ಅಧಿಕಾರ ಬ್ರಿಟಿಷರದು. ಬೇರು ಇನ್ನೂ ಹಿಂದಿದೆ. 1830-31ರಲ್ಲಿ ನಮ್ಮ ನಗರ (ಹಳೆಯ ಬಿದನೂರು) ಸೀಮೆಯ ರೈತರು ದಂಗೆ ಎದ್ದದ್ದನ್ನೇ ಕಾರಣವಾಗಿಟ್ಟುಕೊಂಡು ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಒಡೆಯರ ಮನೆತನಕ್ಕೆ ಮರಳಿಸಿದ್ದು 1881ರಲ್ಲಿ. ಐವತ್ತು ವರ್ಷ!

ಇನ್ನು ಕಾಗೋಡು. ನಮ್ಮ ಮನೆಯ ಅಟ್ಟದಲ್ಲಿ ಭತ್ತ ಅಳೆಯುವ ಒಂದು ಹಳೇ ಕೊಳಗವಿದೆ. ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ. ಒಳಗೆ ಕೈಯಾಡಿಸಿದರೆ ಭತ್ತ ಉಜ್ಜಿ ಉಜ್ಜಿ ನುಣುಪಾದ ತಳ. ಬಾಯಿಯ ಸಮಕ್ಕೆ ತುಂಬಿದರೆ ಒಂದು ಲೆಕ್ಕ, ಮೇಲೆ ಗೋಪುರ ಏಳುವಂತೆ ಸುರಿದರೆ ಇನ್ನೊಂದು ಲೆಕ್ಕ. ತಂಗಿಯ ಮಗನಿಗೆ ಅದರಲ್ಲಿ ಅಕ್ಕಿ ತುಂಬಿಸಿ ಎರಡೂ ತೋರಿಸಿದೆ. ಮೇಲಿನ ಗೋಪುರವನ್ನು ಅಂಗೈಯಿಂದ ಸವರಿ ಕೆಳಗೆ ಬೀಳಿಸಿ, ಬಿದ್ದ ರಾಶಿಯನ್ನು ಸುಮ್ಮನೆ ನೋಡುತ್ತ ಕೂತ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು, ಹೆಚ್ಚಿನವರು ದೀವರ ಸಮುದಾಯದವರು, ಎದ್ದು ನಿಂತದ್ದರ ಹಿಂದೆ ಈ ಅಳತೆಯ ಮಾತಿತ್ತು. ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬುದು ಅವರ ದೂರು. ಗಣಪತಿಯಪ್ಪ ಮುಂದೆ ನಿಂತರು. ಸಮಾಜವಾದಿಗಳ ಜೊತೆ ಶಾಂತವೇರಿ ಗೋಪಾಲಗೌಡರು ಬಂದರು. ರಾಮಮನೋಹರ ಲೋಹಿಯಾ ದೂರದಿಂದ ಬಂದು ಇಲ್ಲಿ ಬಂಧನಕ್ಕೊಳಗಾದರು.

ಈಗ ಅಂಬೇಡ್ಕರರ ಭಾಷಣಕ್ಕೆ ಬನ್ನಿ. ಅದರಲ್ಲಿ ಅವರು ಎರಡು ಮಾತು ಹೇಳುತ್ತಾರೆ. 1950ರ ಜನವರಿ 26ರಿಂದ ನಾವು ವಿರೋಧಾಭಾಸದ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬುದು ಒಂದು. ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹ, ಅಸಹಕಾರಗಳನ್ನು ಇನ್ನು ಬಿಡಬೇಕು ಎಂಬುದು ಇನ್ನೊಂದು. ಎರಡು ವರ್ಷ ತುಂಬುವ ಮೊದಲೇ ಕಾಗೋಡಿನ ಗದ್ದೆಯಲ್ಲಿ ಆ ಎರಡು ಮಾತು ಎದುರುಬದುರಾಗಿ ನಿಂತವು. ಓಟು ಸಮ, ಕೊಳಗ ಸಮವಲ್ಲ. ಅದಕ್ಕೇ ಸತ್ಯಾಗ್ರಹ. ದೆಹಲಿಯ ಪುಸ್ತಕವೊಂದನ್ನೇ ಓದಿದವರಿಗೆ ಆ ಭಾಷಣ ಒಳ್ಳೆಯ ಎಚ್ಚರಿಕೆಯಾಗಿ ಕೇಳಿಸುತ್ತದೆ. ಕಾಗೋಡನ್ನೊಂದೇ ಓದಿದವರಿಗೆ ಅದು ಗೇಣಿ ಜಗಳವಾಗಿ ಉಳಿಯುತ್ತದೆ. ಎರಡನ್ನೂ ಓದಿದಾಗ ದೇಶ ಹುಟ್ಟುವ ಕೆಲಸ 1950ಕ್ಕೆ ಮುಗಿದಿರಲಿಲ್ಲ ಎಂದು ಕಣ್ಣಿಗೆ ಕಾಣುತ್ತದೆ. ಗೋಪಾಲಗೌಡರು 1952ರಲ್ಲಿ ಈ ಭಾಗದಿಂದಲೇ ವಿಧಾನಸಭೆಗೆ ಹೋದರು. ಉಳುವವನಿಗೆ ನೆಲ ಕೊಡಿಸಿದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ಅವರು ತೀರಿಕೊಂಡು ಎರಡು ವರ್ಷದ ಮೇಲೆ.

ಯಾರು ಯಾವುದರಿಂದ ಶುರು ಮಾಡಬೇಕು

ಪರೀಕ್ಷೆ ತಲೆಯ ಮೇಲಿದ್ದರೆ ಬಿಪನ್ ಚಂದ್ರ, ಜೊತೆಗೆ ಮೆನನ್ ಅವರ ಮೈಸೂರು ಅಧ್ಯಾಯ. ಶಿಕ್ಷಕರಾಗಿದ್ದರೆ ನಡಾವಳಿಯ ಒಂದು ದಿನ ಮತ್ತು ಈಸೂರು. ನಿವೃತ್ತರಾಗಿ ಸಮಯ ಇರುವವರು ಆಜಾದ್, ಮೆನನ್ ಇಬ್ಬರನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೇ ತಿಂಗಳ ಘಟನೆಯನ್ನು ಇಬ್ಬರಲ್ಲೂ ಓದಲಿ. ಇಂಗ್ಲಿಷ್ ತೊಡಕು ಎನ್ನುವವರಿಗೆ ಭಾರತ ಸಂವಿಧಾನ ಕನ್ನಡದಲ್ಲಿದೆ, ಅಂಬೇಡ್ಕರರ ಬರಹ ಮತ್ತು ಭಾಷಣಗಳ ಸಂಪುಟಗಳೂ ಕನ್ನಡದಲ್ಲಿವೆ. ನವೆಂಬರ್ 25ರ ಭಾಷಣವನ್ನು ಅದರಲ್ಲಿ ಹುಡುಕಿ ಮೊದಲು ಓದಿ. ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು, ಅದು ಕೇಳಿಸಿಕೊಳ್ಳಲೆಂದು ಆಡಿದ ಮಾತು.

ದಪ್ಪ ಪುಸ್ತಕಗಳನ್ನು ಕೊಳ್ಳುವ ಮುಂಚೆ ಜಿಲ್ಲಾ ಗ್ರಂಥಾಲಯದಲ್ಲೋ ಕಾಲೇಜಿನ ಗ್ರಂಥಾಲಯದಲ್ಲೋ ಒಂದು ಮಧ್ಯಾಹ್ನ ಕೂತು ನೋಡಿ. ಪದಸೂಚಿ ಇಲ್ಲದ ಕನ್ನಡ ಪುಸ್ತಕ ಬಹಳ, ಅಂಥದ್ದಕ್ಕೆ ಪರಿವಿಡಿ ನೋಡಿ 1942 ಮತ್ತು 1947ರ ಅಧ್ಯಾಯ ಓದಿದರೆ ಸಾಕು, ಬರೆದವರ ಕೈ ಗೊತ್ತಾಗುತ್ತದೆ. ಅಡಿಟಿಪ್ಪಣಿ ಇರುವ ಪುಸ್ತಕಕ್ಕೆ ನಾನು ಎರಡು ಪಟ್ಟು ಹಣ ಕೊಡಲೂ ಸಿದ್ಧ. ಗೆಜೆಟಿಯರ್ ಕೊಳ್ಳುವುದು ಬೇಡ, ಅಲ್ಲೇ ಕೂತು ಬರೆದುಕೊಳ್ಳಿ. ಕೊಂಡು ಮನೆಯಲ್ಲಿಡಬೇಕಾದದ್ದು ಆಸ್ಟಿನ್ ಮತ್ತು ಮೆನನ್, ಮತ್ತೆ ಮತ್ತೆ ತೆರೆಯುವಂಥವು.

ಮನೆಯಲ್ಲಿಟ್ಟ ಮೇಲೆ ನಮ್ಮ ಕಡೆ ಇನ್ನೊಂದು ಕೆಲಸ ಇದೆ. ಆಷಾಢದಲ್ಲಿ ಗೋಡೆಗೆ ತಾಗಿದ ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ರಟ್ಟು ಉಬ್ಬುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಬಿಸಿಲು ಬಿದ್ದ ದಿನ ಪುಸ್ತಕಗಳನ್ನು ಜಗುಲಿಗೆ ತಂದು ಪುಟ ಬಿಡಿಸಿ ನೆರಳಲ್ಲಿ ಗಾಳಿಗೆ ಇಡಿ, ನೇರ ಬಿಸಿಲು ಬೇಡ.

ತಂಗಿಯ ಮಗ ದೀಪಾವಳಿ ರಜೆಯಲ್ಲಿ ಬಂದು ಮೆನನ್ ಅವರ ಪುಸ್ತಕ ತೆಗೆದುಕೊಂಡು ಹೋದ. ಹದಿನೈದು ದಿನ ಬಿಟ್ಟು ಫೋನ್ ಬಂತು. ‘ದೊಡ್ಡಮ್ಮಾ, ಮೈಸೂರಿನ ಅಧ್ಯಾಯದಲ್ಲಿ ಈಸೂರು ಹುಡುಕ್ತಾ ಇದೀನಿ’ ಎಂದ. ಮುಂದಿನ ಭಾನುವಾರ ಶಿಕಾರಿಪುರದ ಬಸ್ ಹತ್ತಿ, ಈಸೂರಿನ ಸ್ಮಾರಕ ನೋಡಿ ಬಾ, ಕಲ್ಲಿನ ಮೇಲಿನ ಹೆಸರುಗಳನ್ನು ಬರೆದುಕೊಂಡು ಬಾ ಎಂದೆ. ಬರುವಾಗ ಗೆಜೆಟಿಯರಿನ ಆ ಪುಟವನ್ನೂ ನಕಲು ಮಾಡಿಕೊಂಡು ತರುತ್ತೇನೆ ಎಂದಿದ್ದಾನೆ.